ಗುಡ್ ನ್ಯೂಸ್ ಆದ ಮೇಲೆ

ಬಂಜೆತನದ ಚಿಕಿತ್ಸೆ ಬಗ್ಗೆ ಹಿಂದಿಯವರು ಸಿನಿಮಾ ಮಾಡಿದರೆ ನಗು ಗ್ಯಾರಂಟಿ. 2012ರ ‘ವಿಕ್ಕಿ ಡೋನರ್’, 2019ರ ‘ಗುಡ್ ನ್ಯೂಸ್’ ಎರಡನ್ನೂ ನಾನು ಖುಷಿಯಿಂದಲೇ ನೋಡಿದ್ದೇನೆ. ಮನೆಯಲ್ಲಿ ಪಿಸುಗುಟ್ಟುತ್ತಿದ್ದ ವಿಷಯವನ್ನು ಅವು ಜೋರಾಗಿ ಮಾತಾಡುವಂತೆ ಮಾಡಿದವು. ಆ ಶ್ರೇಯಸ್ಸು ಸಲ್ಲಲೇಬೇಕು.

ನನ್ನ ತಕರಾರು ಅವು ಮುಗಿಯುವ ಜಾಗದ ಬಗ್ಗೆ. ‘ಗುಡ್ ನ್ಯೂಸ್’ನಲ್ಲಿ ಹೆರಿಗೆ ಆಗುವಷ್ಟರಲ್ಲಿ ಕತೆ ಹೆಚ್ಚುಕಡಿಮೆ ಮುಗಿದಿರುತ್ತದೆ. ‘ವಿಕ್ಕಿ ಡೋನರ್’ ಕೊನೆಯಲ್ಲಿ ಡಾಕ್ಟರ್ ಚಡ್ಡಾ ಒಂದು ಪಾರ್ಟಿ ಇಡುತ್ತಾರೆ. ವಿಕ್ಕಿಯ ವೀರ್ಯದಾನದಿಂದ ಹುಟ್ಟಿದ ಮಕ್ಕಳೆಲ್ಲ ಅಪ್ಪ ಅಮ್ಮನ ಜೊತೆ ಬರುತ್ತಾರೆ. ಎಲ್ಲರ ಮುಖದಲ್ಲೂ ನಗು. ಆಶಿಮಾಳ ಸಿಟ್ಟು ಇಳಿಯುವುದೇ ಆ ನಗು ನೋಡಿ. ಮಗು ಸಿಕ್ಕಿತು, ಆದ್ದರಿಂದ ಸುಖ: ಇಡೀ ಸಿನಿಮಾ ಈ ಲೆಕ್ಕದ ಮೇಲೆ ನಿಂತಿದೆ. ಮಗುವನ್ನು ಎತ್ತಿಕೊಳ್ಳಲು ಮನಸ್ಸೇ ಬಾರದೆ ಅತ್ತ ಒಬ್ಬ ಅಮ್ಮ ಅಲ್ಲಿ ಬಂದು ನಿಂತರೂ ಲೆಕ್ಕ ತಪ್ಪುತ್ತದೆ.

ಮಂಗಳೂರಿನ ನಮ್ಮ ಮನೆಗಳಲ್ಲೂ ಇದೇ ಸ್ಕ್ರಿಪ್ಟ್. ಮೂರನೇ ಐವಿಎಫ್ ಸೈಕಲ್‌ನಲ್ಲಿ ನನಗೆ ಮಗಳು ಹುಟ್ಟಿದಳು. ಎಣ್ಣೆಸ್ನಾನ, ಬಾಣಂತಿ ಮದ್ದು ಯಾವುದೂ ಕಮ್ಮಿಯಾಗಲಿಲ್ಲ. ಆರನೇ ವಾರವೂ ನಾನು ಅಳುತ್ತಿದ್ದಾಗ ಮಗು ನೋಡಲು ಬಂದ ದೊಡ್ಡಮ್ಮ ಕೇಳಿದ್ದು, “ಎಂತ ಮಾರಾಯ್ತಿ, ಅಷ್ಟು ಹರಕೆ ಹೊತ್ತು ಸಿಕ್ಕಿದ ಮಗು, ಇನ್ನೆಂತ ಬೇಜಾರು ನಿಂಗೆ?” ಪ್ರೀತಿಯಿಂದಲೇ ಕೇಳಿದ್ದು. ಆದರೆ ಚಿಕಿತ್ಸೆಯಿಂದ ತಾಯಿಯಾದವಳಿಗೆ ‘ನನ್ನಿಂದ ಆಗ್ತಾ ಇಲ್ಲ’ ಅನ್ನುವ ಹಕ್ಕೂ ಇಲ್ಲ. ಅವಳ ಮೇಲೆ ಯಾವಾಗಲೂ ಕೃತಜ್ಞತೆಯ ಸಾಲ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ಲೇಖನವೊಂದು 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ಭಾರತದ ಬಾಣಂತಿಯರಲ್ಲಿ ಸುಮಾರು ಶೇ. 22ರಷ್ಟು ಮಂದಿಗೆ ಖಿನ್ನತೆ ಇದೆ ಅಂದಿತು. ಚಡ್ಡಾ ಪಾರ್ಟಿಗೆ ಈ ಅಂಕಿ ಹಚ್ಚಿ ನೋಡಿ, ಐದು ಅಮ್ಮಂದಿರಲ್ಲಿ ಒಬ್ಬಳು.

ಕಾನೂನಿನ ಕತೆಯೂ ಬೇರೆಯಲ್ಲ. 2021ರ ಎಆರ್‌ಟಿ ಕಾಯ್ದೆ ಪ್ರಕಾರ ಕ್ಲಿನಿಕ್‌ಗಳು ಕೌನ್ಸೆಲಿಂಗ್ ಕೊಡಲೇಬೇಕು: ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ. ಎಲ್ಲ ಚಿಕಿತ್ಸೆಗೆ ಒಪ್ಪುವ ಮುಂಚಿನ ಮಾತು. ಹೆತ್ತ ಮೇಲೆ ಕೇಳಬಹುದಾದ ಎಡಿನ್‌ಬರೋ ಪ್ರಶ್ನಾವಳಿ 1987ರಿಂದಲೇ ಇದೆ. ಹತ್ತೇ ಪ್ರಶ್ನೆ, ಕಳೆದ 7 ದಿನ ಹೇಗಿದ್ದೆ ಅಂತ. ಮಗುವಿನ ತೂಕ ನೋಡುವಷ್ಟು ಹೊತ್ತಲ್ಲಿ ಮುಗಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟು ಚಿಕಿತ್ಸೆ ಕೊಡುವ ವಾರ್ಡ್ ಇದೆ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಇದ್ದೂ ಆ ಐದನೆಯವಳು ಬಾಯಿ ಬಿಡುವುದಿಲ್ಲ, ಯಾಕಂದ್ರೆ ಅವಳಂಥವಳನ್ನು ಅವಳು ಎಲ್ಲೂ ನೋಡಿಲ್ಲ. ಮುಂದಿನ ಐವಿಎಫ್ ಸಿನಿಮಾ ಹೆರಿಗೆಯಿಂದ ಶುರುವಾಗಲಿ. ಕಾಮಿಡಿಯೇ ಇರಲಿ, ಪರವಾಗಿಲ್ಲ.