ಬೀಳುವ ಲಿಫ್ಟಿನ ನಾಟಕ

1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎಲಿಶಾ ಓಟಿಸ್ ಎಂಬಾತ ಎತ್ತರದ ಹಲಗೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನು ಎಲ್ಲರೆದುರು ಕಡಿಸಿದ. ಹಲಗೆ ತುಸು ಜಾರಿ ನಿಂತುಬಿಟ್ಟಿತು. ಲಿಫ್ಟನ್ನು ನಂಬಬಹುದೆಂದು ಜನಕ್ಕೆ ಮನದಟ್ಟು ಮಾಡಲು ಹೀಗೊಂದು ನಾಟಕ ಬೇಕಾಯಿತು. ಅದಾದ 140 ವರ್ಷಕ್ಕೆ, 1994ರಲ್ಲಿ, ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಆ ನಂಬಿಕೆಯನ್ನೇ ಅಲುಗಾಡಿಸುವ ಇನ್ನೊಂದು ನಾಟಕ ಶುರುವಾಯಿತು: 'ಟ್ವಿಲೈಟ್ ಝೋನ್ ಟವರ್ ಆಫ್ ಟೆರರ್'. ಜಾತ್ರೆಯ ತೊಟ್ಟಿಲೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾಟಕವೆಂದು ಒಪ್ಪಿಕೊಂಡರೆ ಅದರ ಗುಣವೂ ಕಾಣುತ್ತದೆ, ದೋಷವೂ ಕಾಣುತ್ತದೆ.

ಕಥೆ ಇಷ್ಟೇ. 1939ರ ಅಕ್ಟೋಬರ್ 31ರ ರಾತ್ರಿ ಹಾಲಿವುಡ್ಡಿನ ಹೋಟೆಲೊಂದಕ್ಕೆ ಸಿಡಿಲು ಬಡಿದು ಲಿಫ್ಟಿನಲ್ಲಿದ್ದ ಐವರು ಮಾಯವಾಗುತ್ತಾರೆ. ಧೂಳು ಹಿಡಿದ ಹಜಾರ, ಯಾರೂ ಒಯ್ಯದ ಪೆಟ್ಟಿಗೆಗಳು, ಅರ್ಧಕ್ಕೇ ನಿಂತ ಆಟ. ಇವನ್ನೆಲ್ಲ ದಾಟಿ ನಾವು ಹತ್ತುವುದು ಕೆಲಸದವರ ಲಿಫ್ಟನ್ನು. ಬೀಳುವ ಮೊದಲೇ ಎದೆ ಡವಗುಟ್ಟುವಂತೆ ಮಾಡುವುದರಲ್ಲಿ ಇದರ ಜಾಣತನವಿದೆ.

ನಿಜ ಹೇಳಬೇಕೆಂದರೆ ಅದು ಬೀಳುವುದೇ ಇಲ್ಲ. ಹಗ್ಗ ಗೂಡಿನ ಮೇಲೂ ಇದೆ, ಕೆಳಗೂ ಇದೆ. ದೈತ್ಯ ಮೋಟಾರುಗಳು ಅದನ್ನು ಗುರುತ್ವಕ್ಕಿಂತ ಜೋರಾಗಿ ಕೆಳಕ್ಕೆಳೆಯುತ್ತವೆ. ಕುಳಿತವರ ಮೈ ಆಸನ ಬಿಟ್ಟೇಳುತ್ತದೆ, ಪಟ್ಟಿ ಹಿಡಿದುಕೊಳ್ಳುತ್ತದೆ. ಹಗ್ಗ ಹರಿಯಿತೆಂದು ನಾವು ಕಿರುಚುವ ಗಳಿಗೆಯಲ್ಲೇ ಹಗ್ಗ ನಮ್ಮನ್ನು ಅತಿ ಬಿಗಿಯಾಗಿ ಹಿಡಿದಿರುತ್ತದೆ! ಇಂಥ ಸುಳ್ಳಿಗೆ ನಾನು ತಲೆದೂಗುತ್ತೇನೆ.

ಆದರೆ 2000ದ ದಶಕದ ಆರಂಭದಲ್ಲಿ ಬೀಳುವ ಕ್ರಮವನ್ನು ಕಂಪ್ಯೂಟರಿನ ಮರ್ಜಿಗೆ ಬಿಟ್ಟರು. ಮತ್ತೆ ಮತ್ತೆ ಏರಿ ಇಳಿಯುತ್ತಿದ್ದರೆ ಅದು ಉಯ್ಯಾಲೆಯಾಗುತ್ತದೆ. ಮೊದಲ ಬೀಳುವಿಕೆಗಿದ್ದ ಅರ್ಥ ಮೂರನೆಯದಕ್ಕೆ ಉಳಿಯುವುದಿಲ್ಲ. ಕಥೆಯಿಲ್ಲದ ಬೀಳು ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯಾ ಸಾಕ್ಷಿ. ಅಲ್ಲಿ 2004ರಲ್ಲಿ ತೆರೆದ ಇಂಥದೇ ಗೋಪುರವನ್ನು 2017ರಲ್ಲಿ 'ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ' ಸಿನಿಮಾದ ವೀರರಿಗೆ ಒಪ್ಪಿಸಿ, ಹಳೆಯ ಪಾಪ್ ಹಾಡು ಹಾಕಿದರು. ಯಂತ್ರ ಅದೇ, ಭಯ ಹೋಗಿ ಕುಣಿತ ಬಂತು. ಭಯ ಇದ್ದದ್ದು ಮೋಟಾರಿನಲ್ಲಲ್ಲ ಎಂದಾಯಿತಲ್ಲ.

ನನ್ನ ದೊಡ್ಡ ತಕರಾರು ಬೇರೆ. ಮಾಯವಾದ ಐವರಲ್ಲಿ ಒಬ್ಬಳು ಪುಟ್ಟ ನಟಿ, ಒಬ್ಬಳು ಅವಳನ್ನು ನೋಡಿಕೊಳ್ಳುವ ಆಯಾ. ದಾರಿಯಲ್ಲಿ ಅವರ ನೆರಳುಗಳು ಕೈಬೀಸಿ ಮರೆಯಾಗುತ್ತವೆ. ಆ ಮಗುವಿನ ಗತಿ ಏನಾಯಿತೆಂದು ನಾಟಕ ಹೇಳುವುದಿಲ್ಲ. ಹೊರಬಂದರೆ ನಾವು ಕಿರುಚುವಾಗ ತೆಗೆದ ನಮ್ಮದೇ ಫೋಟೋ ಮಾರಾಟಕ್ಕಿರುತ್ತದೆ. ಪರರ ದುಃಖದಿಂದ ಶುರುವಾದದ್ದು ನಮ್ಮ ಮುಖದಲ್ಲಿ ಮುಗಿಯುತ್ತದೆ. ನಮ್ಮ ಅಜ್ಜಿಯರ ದೆವ್ವದ ಕಥೆಗಳು ಹೀಗಿರಲಿಲ್ಲ. ಹೆದರಿಸಿದ ಮೇಲೆ, ಸತ್ತವಳಿಗೆ ಏನು ಅನ್ಯಾಯವಾಗಿತ್ತೆಂದು ಅಜ್ಜಿ ಹೇಳಿಯೇ ಮಲಗಿಸುತ್ತಿದ್ದಳು.