ಓಲೆ, ಪಾಠ ಮತ್ತು ಗಣಕಪ್ರತಿ: ಕಡತರೂಪಗಳ ವಿಮರ್ಶೆ

ಸಚಿತ್ರ ಹಸ್ತಪ್ರತಿಯನ್ನು ಗಣಕದ ಮೂಲಕ ಹಂಚಿಕೊಳ್ಳುವಾಗ ಯಾವ ಕಡತರೂಪವನ್ನು ಆರಿಸಬೇಕೆಂಬ ಪ್ರಶ್ನೆ ಕೇವಲ ತಾಂತ್ರಿಕವಾದುದೆಂದು ಭಾವಿಸುವುದು ವಾಡಿಕೆಯಾಗಿದೆ. ವಾಸ್ತವವಾಗಿ ಇದು ಗ್ರಂಥಸಂಪಾದನೆಗೇ ಸೇರಿದ ಪ್ರಶ್ನೆ. ಯಾವುದು ಸಾಕ್ಷಿ, ಯಾವುದು ಓದಿಗೆ ಒದಗುವ ಪ್ರತಿ ಎಂಬ ವಿವೇಕವೇ ಇಲ್ಲಿಯೂ ಮುಖ್ಯ.

ಮೂಡುಬಿದಿರೆಯ ಧವಲಾ ಪ್ರತಿಗಳ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ. 12ನೆಯ ಶತಮಾನದ ಆದಿಭಾಗದವೆಂದು ವಿದ್ವಾಂಸರು ಪರಿಗಣಿಸಿರುವ ಈ ಓಲೆಗಳಲ್ಲಿ ಪಾಠದೊಡನೆ ವರ್ಣಚಿತ್ರಗಳೂ ಇವೆ. ಪಾಠವು ಪ್ರತಿಯ ಪ್ರತಿಯಾಗಿ ಉತ್ತರ ಭಾರತವನ್ನು ಸೇರಿತು. ಚಿತ್ರಗಳು ಓಲೆಯಲ್ಲಿಯೇ ಉಳಿದವು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಷಟ್ಖಂಡಾಗಮದ ಮೊದಲ ಸಂಪುಟ ಪ್ರಕಟವಾದಾಗ, ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದವಿರಲಿಲ್ಲ. ಅದು ಅಲ್ಲಿರಬೇಕೆಂದು ಅಡಿಟಿಪ್ಪಣಿ ಸೂಚಿಸಿತು. ಮಾನುಷಿಯರ ಗುಣಸ್ಥಾನಗಳನ್ನು ಕುರಿತ ಸೂತ್ರವಾದುದರಿಂದ ದಿಗಂಬರ ಸಮಾಜದಲ್ಲಿ ತೀವ್ರ ವಿವಾದವೆದ್ದಿತು. ಕಡೆಗೆ ಮೂಡುಬಿದಿರೆಯ ತಾಡವೋಲೆಯನ್ನು ಪರಿಶೀಲಿಸಿದಾಗ ಆ ಪದ ಅಲ್ಲಿತ್ತು. ಸೂತ್ರದ ಅರ್ಥವಿಚಾರ ಬೇರೆ. ಪಾಠವಿಚಾರವನ್ನು ನಿರ್ಣಯಿಸಿದುದು ಓಲೆ.

ಇಂದು ಗಣಕಪ್ರತಿಯೆಂದರೆ ಪಿಡಿಎಫ್ ಎಂಬಂತಾಗಿದೆ. 1993ರಲ್ಲಿ ಬಂದ ಈ ರೂಪದ ಗುಣಗಳು ನಿರ್ವಿವಾದ: ಅಕ್ಷರ, ಚಿತ್ರಗಳೆರಡೂ ಒಂದೆಡೆ ಇರುತ್ತವೆ, ಪುಟವಿನ್ಯಾಸ ಕೆಡುವುದಿಲ್ಲ. ಆದರೆ ಪಿಡಿಎಫ್ ಎಂಬುದು ಕಟ್ಟು ಮಾತ್ರ. ಒಳಗಿನ ಗರಿ ಎಂತಹುದೆಂಬುದಕ್ಕೆ ಅದು ಪ್ರಮಾಣವಲ್ಲ. ಒಳಗಿರುವ ಚಿತ್ರವನ್ನು ಜೆಪಿಇಜಿ ಕ್ರಮದಲ್ಲಿ ಅತಿಯಾಗಿ ಸಂಕೋಚಿಸಿದ್ದರೆ ಕಂಠದ ಗೀರುಗಳ ಅಂಚು ಮಸುಕಾಗುತ್ತದೆ. ಸೊನ್ನೆಯೋ ಹುಳು ಕೊರೆದ ತೂತೋ ಎಂದು ನಿರ್ಣಯಿಸುವುದು ಕಷ್ಟ. ಒಂದೇ ಬಗೆಯ ಆಕಾರಗಳನ್ನು ಒಂದೇ ಎಂದೆಣಿಸುವ ಸಂಕೋಚನಕ್ರಮ ಇದಕ್ಕಿಂತಲೂ ಅಪಾಯಕರ. ಕೆಲವು ಯಂತ್ರಗಳು ಪ್ರತಿ ತೆಗೆಯುವಾಗ 6 ಇದ್ದಲ್ಲಿ 8 ಇರಿಸುತ್ತಿದ್ದುದನ್ನು 2013ರಲ್ಲಿ ಜರ್ಮನಿಯ ಗಣಕವಿಜ್ಞಾನಿ ಡೇವಿಡ್ ಕ್ರೀಸೆಲ್ ತೋರಿಸಿಕೊಟ್ಟರು. ಲಿಪಿಕಾರನ ಪ್ರಮಾದವನ್ನೇ ಯಂತ್ರವೂ ಮಾಡಿತು. ಆದರೆ ಯಂತ್ರದ ತಪ್ಪು ಸ್ಫುಟವಾಗಿದ್ದು ಸಂಶಯಕ್ಕೆ ಎಡೆಗೊಡಲಿಲ್ಲ.

ಪಾಠದ ವಿಷಯದಲ್ಲಿಯೂ ಎಚ್ಚರ ಅವಶ್ಯ. ಯುನಿಕೋಡ್ ಪೂರ್ವದ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ, ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಥಹೀನ ಚಿಹ್ನೆಗಳಾಗುತ್ತದೆ, ಪದಶೋಧನೆಯೂ ಸಾಗದು. ಯುನಿಕೋಡಿನಲ್ಲಿ ಹಳಗನ್ನಡದ ಱ, ೞ ಅಕ್ಷರಗಳಿಗೆ ಸ್ಥಾನವಿದೆ. 2021ರಲ್ಲಿ ನಕಾರಪೊಲ್ಲೂ ಸೇರಿದೆ. ಆದುದರಿಂದ ಪಾಠವನ್ನು ಬೇರೆ ಸಂಕೇತಕ್ರಮದಲ್ಲಿ ಇಡಲು ಕಾರಣವಿಲ್ಲ.

ಕಬಕದಂತಹ ಊರಿನಲ್ಲಿರುವ ಅಭ್ಯಾಸಿಗೆ ಭಾರಿ ಕಡತಗಳು ಹೊರೆಯಾಗುವುವೆಂಬ ಆಕ್ಷೇಪ ಸಾಧುವಾದುದೇ. 60 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಗರಿಯ ಒಂದು ಮಗ್ಗುಲನ್ನು ಅಂಗುಲಕ್ಕೆ 600 ಬಿಂದುಗಳಂತೆ ವರ್ಣದಲ್ಲಿ ಸೆರೆಹಿಡಿದರೆ, ಸಂಕೋಚನವಿಲ್ಲದ ಟಿಫ್ ಕಡತ ಸುಮಾರು 60 ಮೆಗಾಬೈಟ್ ಆಗುತ್ತದೆ. ಇಂತಹ ನೂರಾರು ಗರಿಗಳನ್ನು ಎಲ್ಲರಿಗೂ ಕಳುಹಿಸಬೇಕಾಗಿಲ್ಲ. ಓದಿಗೆ ಪಿಡಿಎಫ್/ಎ ಸಾಕು; 2005ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಈ ರೂಪ, ಬಳಸಿದ ಫಾಂಟುಗಳನ್ನು ತನ್ನೊಳಗೇ ಇರಿಸಿಕೊಳ್ಳುತ್ತದೆ. ಪಾಠಾಂತರಗಳ ತುಲನೆಗೆ ಯುನಿಕೋಡಿನ ಸರಳಪಠ್ಯ ಬೇಕು. ಸಂದೇಹವಿರುವ ಗರಿಯನ್ನು ಮಾತ್ರ ಟಿಫ್ ರೂಪದಲ್ಲಿ ಕಳುಹಿಸಬಹುದು. ಉಳಿದವು ಭಂಡಾರದಲ್ಲಿ ಅವಿಕೃತವಾಗಿರಲಿ.

ಈ ಮೂರಕ್ಕೂ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಮಗ್ಗುಲು ಇವುಗಳಿಂದ ಕೂಡಿದ ಒಂದೇ ಹೆಸರಿರಬೇಕು. ಈ ಸಂಬಂಧ ಕಡಿದುಹೋದರೆ ಉತ್ತಮ ಕಡತರೂಪವೂ ನಿಷ್ಪ್ರಯೋಜಕ. 'ಸಂಜದ' ಪದದ ವಿವಾದ ಬಗೆಹರಿದುದು ಓದುಗನಿಗೆ ಓಲೆಯವರೆಗೆ ಹಿಂತಿರುಗುವ ದಾರಿ ಉಳಿದಿದ್ದುದರಿಂದ. ಗಣಕಪ್ರತಿಯೂ ಆ ದಾರಿಯನ್ನು ಮುಚ್ಚಬಾರದು.