ನೈಜೀರಿಯಾದ ಕಾರ್ಖಾನೆಗಳನ್ನು ತೈಲ ಕೊಂದಿತೆ?

ತೈಲ ಸಿಕ್ಕ ದೇಶದಲ್ಲಿ ಕೈಗಾರಿಕೆ ಸೊರಗುತ್ತದೆ ಎನ್ನುವವರೆಲ್ಲ ನೈಜೀರಿಯಾದ ಕಡೆ ಬೊಟ್ಟು ಮಾಡುತ್ತಾರೆ. ಡಾಲರ್ ಹರಿದುಬಂತು, ಅಲ್ಲಿನ ನಾಣ್ಯವಾದ ನೈರಾ ದುಬಾರಿಯಾಯಿತು, ಸ್ಥಳೀಯ ಸರಕು ಪೈಪೋಟಿಯಲ್ಲಿ ಸೋತಿತು. ‘ಡಚ್ ಕಾಯಿಲೆ’ಯ ಈ ತರ್ಕವನ್ನು 1982ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಡನ್ ಮತ್ತು ನೀರಿ ಅಚ್ಚುಕಟ್ಟಾದ ಮಾದರಿಯಾಗಿಸಿದರು. ಆ ಮಾದರಿಯ ಬಗ್ಗೆ ನನಗೆ ಗೌರವವಿದೆ. ನೈಜೀರಿಯಾದ ಕಾರ್ಖಾನೆಗಳ ಮಟ್ಟಿಗೆ ಮಾತ್ರ ಅದು ಕಾಲಕ್ರಮಕ್ಕೇ ಹೊಂದುವುದಿಲ್ಲ.

ತೈಲಬೆಲೆ ಏರಿದ 1970ರ ದಶಕದಲ್ಲಿ ಅಲ್ಲಿನ ತಯಾರಿಕಾ ವಲಯ ಕುಗ್ಗಲಿಲ್ಲ, ವೇಗವಾಗಿ ಬೆಳೆಯಿತು. ಕಡುನಾದ ಪ್ಯೂಜೋ, ಲಾಗೋಸ್‌ನ ಫೋಕ್ಸ್‌ವ್ಯಾಗನ್ ಘಟಕಗಳು ಎದ್ದದ್ದೇ ಆಗ. ಸೊರಗಿದ್ದು ಕೃಷಿ: ಕೋಕೋ, ತಾಳೆಎಣ್ಣೆ, ಕಾನೋ ಸೀಮೆಯ ಶೇಂಗಾ. (ಶೇಂಗಾದ ನಾಶದಲ್ಲಿ ಬರ ಮತ್ತು ಬೆಳೆರೋಗದ ಪಾಲೂ ದೊಡ್ಡದು.) ಕಾರ್ಖಾನೆಗಳು ಕುಸಿದದ್ದು 1980ರ ದಶಕದಲ್ಲಿ, ತೈಲದ ಆದಾಯ ಇಳಿದಾಗ. ಬಿಡಿಭಾಗಗಳನ್ನು ಹೊರಗಿನಿಂದ ತರಿಸಿ ಜೋಡಿಸುತ್ತಿದ್ದ ಈ ಘಟಕಗಳು ತೈಲದ ಡಾಲರಿನ ಆಶ್ರಯದಲ್ಲೇ ಬದುಕಿದ್ದವು.

ನೈರಾದ ದರ ಸರಿಪಡಿಸಿದ್ದರೆ ಸಾಕಿತ್ತು ಎಂಬ ಇನ್ನೊಂದು ವಾದವಿದೆ. 1986ರಲ್ಲಿ ಬಾಬಂಗಿಡಾ ಅವರ ಸೇನಾ ಸರಕಾರ ನೈರಾವನ್ನು ಅಪಮೌಲ್ಯಗೊಳಿಸಿ ಅದನ್ನು ಸರಿಪಡಿಸಿತು. ರಫ್ತು ಮಾಡಬಲ್ಲ ಕಾರ್ಖಾನೆಗಳು ಹೆಚ್ಚೇನೂ ಹುಟ್ಟಲಿಲ್ಲ, ಇದ್ದವಕ್ಕೆ ಬಿಡಿಭಾಗವೇ ಕೈಗೆಟುಕದಾಯಿತು. ಕಡುನಾದ ಜವಳಿ ಗಿರಣಿಗಳನ್ನೇ ನೋಡಿ. ಗ್ರಿಡ್‌ನ ಕರೆಂಟು ನಂಬುವಂತಿಲ್ಲದೆ ಸ್ವಂತ ಜನರೇಟರ್ ಓಡಿಸಬೇಕಿತ್ತು. ಬಾಯ್ಲರಿಗೆ ಬೇಕಾದ ಫರ್ನೇಸ್ ಆಯಿಲ್ ಸರಿಯಾಗಿ ಸಿಗುತ್ತಿರಲಿಲ್ಲ, ಅದೂ ಊರಲ್ಲೇ ಸರಕಾರಿ ರಿಫೈನರಿ ಇದ್ದಾಗ! ತೈಲ ಹೆಚ್ಚಾಗಿ ಗಿರಣಿ ಸತ್ತಿತು ಎನ್ನುವವರು ಈ ಬಾಯ್ಲರುಗಳ ಮುಂದೆ ಏನು ಹೇಳುತ್ತಾರೆ?

ಹೋಲಿಕೆಗೆ ಇಂಡೋನೇಷ್ಯಾವನ್ನು ನೋಡಿ: ಆಗ ಅದೂ ತೈಲ ರಫ್ತು ದೇಶಗಳ ಕೂಟವಾದ ಒಪೆಕ್‌ನ ಸದಸ್ಯ ದೇಶವೇ ಆಗಿತ್ತು. ಅಲ್ಲಿನ ಸುಹಾರ್ತೊ ಆಡಳಿತದ ಭ್ರಷ್ಟಾಚಾರವನ್ನೂ ರಕ್ತಪಾತವನ್ನೂ ನಾನು ಮರೆತಿಲ್ಲ. ಸರಕಾರಿ ತೈಲ ಕಂಪನಿ ಪೆರ್ಟಮಿನಾದ ಸಾಲ 1975ರಲ್ಲಿ ದೇಶವನ್ನೇ ಅಲುಗಾಡಿಸಿತು. ಆದರೂ ಅವರು ಅನಿಲದಿಂದ ಯೂರಿಯಾ ಮಾಡಿ ಗದ್ದೆಗೆ ತಲುಪಿಸಿದರು, 1980ರ ದಶಕದ ನಡುವಿಗೆ ಅಕ್ಕಿಯಲ್ಲಿ ಸ್ವಾವಲಂಬಿಗಳಾದರು. 1978ರಲ್ಲಿ, ಒತ್ತಡ ಬಿಗಿಯಾಗುವ ಮೊದಲೇ, ತಮ್ಮ ನಾಣ್ಯವಾದ ರುಪಿಯಾವನ್ನು ಅಪಮೌಲ್ಯಗೊಳಿಸಿದರು. 1983 ಮತ್ತು 1986ರಲ್ಲಿ ಮತ್ತೆ. ಅಕ್ಕಿ ಅಗ್ಗವಾಗಿದ್ದುದರಿಂದ ಕೂಲಿಯ ಮೇಲೆ ಒತ್ತಡ ಬೀಳಲಿಲ್ಲ. ಪ್ಲೈವುಡ್, ಜವಳಿ ಹೊರದೇಶಕ್ಕೆ ಹೋದವು. ಗದ್ದೆಯ ಈ ಪಾತ್ರವನ್ನು ವಿನಿಮಯ ದರವೊಂದನ್ನೇ ನೋಡುವ ವಿಶ್ಲೇಷಣೆ ಕಾಣುವುದೇ ಇಲ್ಲ.

ಮತ್ತೆ ನೈಜೀರಿಯಾಕ್ಕೆ ಬಂದರೆ, 2024ರಲ್ಲಿ ಉತ್ಪಾದನೆ ಆರಂಭಿಸಿದ ಡಾಂಗೋಟೆ ರಿಫೈನರಿಯನ್ನು ನೈಜೀರಿಯಾದ ರಚನಾತ್ಮಕ ಬದಲಾವಣೆ ಎಂದು ಹೊಗಳಲಾಗುತ್ತಿದೆ. ದಿನಕ್ಕೆ 6.5 ಲಕ್ಷ ಬ್ಯಾರೆಲ್ ಸಾಮರ್ಥ್ಯದ ಆ ಸ್ಥಾವರ ದೊಡ್ಡ ಸಾಧನೆ, ಒಪ್ಪುತ್ತೇನೆ. ಆದರೆ ಅದು ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಅಂಥ ಸ್ವಂತ ವಿದ್ಯುತ್ ಸ್ಥಾವರ ಕಟ್ಟುವ ಶಕ್ತಿ ಕಡುನಾದ ಗಿರಣಿಗೆ ಇರಲಿಲ್ಲ.